ಮಾಳಿಗೆ ಮನೆಗೆ ಭೂಕಂಪದ ಭಯ: ಕಲ್ಲುಗೋಡೆಯನ್ನು ಬಲಪಡಿಸುವುದು ಹೇಗೆ?

1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಗಣೇಶನನ್ನು ನೀರಿಗೆ ಬಿಟ್ಟು ತಡರಾತ್ರಿ ಮನೆ ಸೇರಿದ್ದ ಮರಾಠವಾಡದ ಹಳ್ಳಿಗರು ಗಾಢ ನಿದ್ರೆಯಲ್ಲಿದ್ದರು. ಲಾತೂರ್ ಜಿಲ್ಲೆಯ ಕಿಲ್ಲಾರಿಯ ಸುತ್ತ ನೆಲ ಕಂಪಿಸಿದ್ದು ಕೆಲವೇ ಸೆಕೆಂಡುಗಳ ಕಾಲ. ಬೆಳಕು ಹರಿಯುವ ಹೊತ್ತಿಗೆ ಲಾತೂರ್ ಮತ್ತು ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಗಳ ಹತ್ತಾರು ಹಳ್ಳಿಗಳು ಕಲ್ಲುಮಣ್ಣಿನ ಗುಡ್ಡೆಗಳಾಗಿದ್ದವು. ಸರಕಾರಿ ಲೆಕ್ಕದ ಪ್ರಕಾರವೇ ಸತ್ತವರು ಸುಮಾರು ಎಂಟು ಸಾವಿರ. ಸಂಖ್ಯೆ ಹತ್ತು ಸಾವಿರದ ಸಮೀಪ ಇತ್ತೆಂದು ಹೇಳುವ ಅಂದಾಜುಗಳೂ ಇವೆ. ಕಂಪನ ಗುಲ್ಬರ್ಗ, ಬೀದರ್ ಜಿಲ್ಲೆಗಳಲ್ಲಿಯೂ ಜೋರಾಗಿಯೇ ಅನುಭವಕ್ಕೆ ಬಂದಿತ್ತು. ಕಿಲ್ಲಾರಿಗೂ ನಮ್ಮ ಬಸವಕಲ್ಯಾಣಕ್ಕೂ ನೇರ ಗೆರೆಯಲ್ಲಿ ಸುಮಾರು 40 ಕಿಲೋಮೀಟರ್ ಮಾತ್ರ ಅಂತರ.

ತಜ್ಞರನ್ನು ಅಂದು ಬೆಚ್ಚಿಬೀಳಿಸಿದ್ದು ಭೂಕಂಪದ ಗಾತ್ರವಲ್ಲ. ಅದರ ಪ್ರಮಾಣ 6.2. ಜಗತ್ತಿನಲ್ಲಿ ಇಷ್ಟು ಪ್ರಮಾಣದ ಭೂಕಂಪಗಳು ಪ್ರತಿವರ್ಷ ನೂರಕ್ಕೂ ಹೆಚ್ಚು ಬಾರಿ ಸಂಭವಿಸುತ್ತವೆ; ಬಹುಪಾಲು ಸುದ್ದಿಯೂ ಆಗುವುದಿಲ್ಲ. ಕಿಲ್ಲಾರಿಯಲ್ಲಿ ಭೂಕಂಪದ ಕೇಂದ್ರ ನೆಲದಿಂದ ಹೆಚ್ಚು ಆಳದಲ್ಲಿರಲಿಲ್ಲ, ಜನ ಮನೆಯೊಳಗೆ ಮಲಗಿದ್ದರು ಎಂಬುದು ನಿಜ. ಆದರೂ ಇಷ್ಟೊಂದು ಜೀವಹಾನಿಗೆ ಮುಖ್ಯ ಕಾರಣ ಹುಡುಕಬೇಕಾಗಿದ್ದುದು ಜನ ಮಲಗಿದ್ದ ಮನೆಗಳಲ್ಲಿಯೇ.

ಆ ಮನೆಗಳು ಉತ್ತರ ಕರ್ನಾಟಕದವರಿಗೆ ಅಪರಿಚಿತವಲ್ಲ. ಕಾಡುಗಲ್ಲನ್ನು ಕೆಸರುಮಣ್ಣಿನಲ್ಲಿ ಕೂಡಿಸಿ ಎಬ್ಬಿಸಿದ ಎರಡು ಅಡಿಗೂ ಮಿಕ್ಕಿದ ದಪ್ಪನೆಯ ಗೋಡೆ. ಒಳಗೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ, ಎಲ್ಲದರ ಮೇಲೆ ಮಣ್ಣಿನ ಮೇಲ್ಮುದ್ದೆ. ನಮ್ಮಲ್ಲಿ ಮಾಳಿಗೆ ಮನೆ ಎನ್ನುತ್ತಾರೆ. ಇಂದು ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ ನಗರಗಳಲ್ಲಿ ನೆಲೆಸಿರುವ ಎಷ್ಟೋ ಕುಟುಂಬಗಳ ಊರಮನೆ ಇಂಥದ್ದೇ. ಹಬ್ಬಕ್ಕೆ, ಜಾತ್ರೆಗೆ ಹೋದಾಗ ಮಲಗುವುದು ಅದರ ಕೆಳಗೆಯೇ.

ತಂಪಿನ ಬೆಲೆ

ಮಾಳಿಗೆ ಮನೆಯನ್ನು ಅವೈಜ್ಞಾನಿಕ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದು ಅನ್ಯಾಯದ ಮಾತು. ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಆ ದಪ್ಪ ಗೋಡೆಯ ಒಳಗಿನ ತಂಪನ್ನು ಯಾವ ಕಾಂಕ್ರೀಟ್ ಮನೆಯೂ ಕೊಡಲಾರದು. ಕಲ್ಲು, ಮಣ್ಣು ಊರಲ್ಲೇ ಸಿಗುತ್ತವೆ. ಕಟ್ಟುವವರೂ ಊರಿನ ಗೌಂಡಿಗಳು, ಬಡಿಗರು. ಕಳ್ಳಕಾಕರ ಭಯದ ಕಾಲದಲ್ಲಿ ಕಿಟಕಿಯಿಲ್ಲದ ದಪ್ಪ ಗೋಡೆಯೇ ರಕ್ಷಣೆಯಾಗಿತ್ತು. ಅನುಕೂಲಸ್ಥರ ಮನೆಯ ಗೋಡೆ ಇನ್ನಷ್ಟು ದಪ್ಪ. ಕಿಲ್ಲಾರಿಯಲ್ಲಿ ಸ್ಥಿತಿವಂತರ ವಾಡೆಗಳು ಕುಸಿದು ಬಿದ್ದಾಗ ಹುಲ್ಲಿನ ಗುಡಿಸಲಲ್ಲಿದ್ದ ಬಡವರು ಬದುಕುಳಿದ ಉದಾಹರಣೆಗಳು ಹಲವು.

ತೊಂದರೆ ಇರುವುದು ಭಾರದಲ್ಲಿ ಮತ್ತು ಬಿಗಿ ಇಲ್ಲದಿರುವಿಕೆಯಲ್ಲಿ. ಮೊದಲು ಭಾರದ ಲೆಕ್ಕ ನೋಡಬಹುದು. ಮಳೆಗಾಲಕ್ಕೆ ಮುನ್ನ ಮಾಳಿಗೆ ಸೋರದಿರಲೆಂದು ಹೊಸ ಮಣ್ಣು ಹಾಕಿ ತುಳಿಯುವುದು ವಾಡಿಕೆ. ಹಳೆಯ ಮಣ್ಣನ್ನು ತೆಗೆಯುವವರು ಕಡಿಮೆ. ಹೀಗೆ ತಲೆಮಾರುಗಳು ಕಳೆದಂತೆ ಮೇಲ್ಮುದ್ದೆ ದಪ್ಪವಾಗುತ್ತಲೇ ಹೋಗುತ್ತದೆ. ಒಂದೂವರೆ ಅಡಿ ದಪ್ಪದ ಮಣ್ಣು ಎಂದರೆ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದೇ ಕೋಣೆಯ ಮೇಲೆ ಹೆಚ್ಚೂಕಡಿಮೆ 8 ಟನ್ ತೂಕ. ಅದೇ ಕೋಣೆಯ ಸುತ್ತಲಿನ ಕಲ್ಲುಗೋಡೆಯ ತೂಕ 40 ಟನ್ನಿಗೂ ಹೆಚ್ಚು. ನೆಲ ಅಡ್ಡಡ್ಡ ಅಲುಗಿದಾಗ ಕಟ್ಟಡದ ಮೇಲೆ ಬೀಳುವ ಬಲ ಅದರ ತೂಕಕ್ಕೆ ಅನುಗುಣವಾಗಿಯೇ ಇರುತ್ತದೆ. ಬಸ್ಸು ಗಕ್ಕನೆ ನಿಂತಾಗ ನಿಂತ ಪ್ರಯಾಣಿಕ ಮುಂದಕ್ಕೆ ಮುಗ್ಗರಿಸುವ ಹಾಗೆ, ತಳ ಒಂದು ಕಡೆ ಸರಿದಾಗ ಮೇಲಿನ ಭಾರ ಹಿಂದೆಯೇ ಉಳಿಯಲು ಎಳೆಯುತ್ತದೆ. ಭಾರ ಹೆಚ್ಚಿದಷ್ಟೂ ಈ ಎಳೆತ ಹೆಚ್ಚು.

ಇನ್ನು ಬಿಗಿಯ ವಿಚಾರ. ಹೊರಗಿನಿಂದ ನೋಡುವವರಿಗೆ ಎರಡಡಿ ದಪ್ಪದ ಗೋಡೆ ಒಂದೇ ಗಟ್ಟಿ ಗೋಡೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಎರಡು ಗೋಡೆ. ಹೊರಮೈಗೊಂದು ಸಾಲು ಕಲ್ಲು, ಒಳಮೈಗೊಂದು ಸಾಲು. ನಡುವಿನ ಸಂದಿಗೆ ಕಲ್ಲಿನ ಚೂರು ಮತ್ತು ಮಣ್ಣು ತುಂಬಿರುತ್ತಾರೆ. ಎರಡು ಮೈಗಳನ್ನು ಹೊಲಿದು ಹಿಡಿಯುವ ಉದ್ದಕಲ್ಲುಗಳು, ಅಂದರೆ ಗೋಡೆಯ ಒಂದು ಮುಖದಿಂದ ಇನ್ನೊಂದು ಮುಖದವರೆಗೂ ಹಾಯುವ ಕಲ್ಲುಗಳು, ಇರುವುದೇ ಇಲ್ಲ, ಇದ್ದರೂ ಅಲ್ಲೊಂದು ಇಲ್ಲೊಂದು. ಕಂಪನ ಶುರುವಾದೊಡನೆ ನಡುವಿನ ಒಣಮಣ್ಣು ಪುಡಿಯಾಗಿ ಕೆಳಕ್ಕೆ ಇಳಿಯುತ್ತದೆ, ಇಳಿದ ಮಣ್ಣು ಬೆಣೆಯಂತೆ ಎರಡು ಮೈಗಳನ್ನೂ ಹೊರಕ್ಕೆ ತಳ್ಳುತ್ತದೆ. ಗೋಡೆ ಹೊಟ್ಟೆ ಬಂದಂತೆ ಉಬ್ಬಿ ಒಡೆಯುತ್ತದೆ. ಹೊರಮೈ ಬೀದಿಗೆ, ಒಳಮೈ ಮಲಗಿದವರ ಮೇಲೆ.

ಮೂಲೆಗಳ ಸ್ಥಿತಿಯೂ ಉತ್ತಮವಲ್ಲ. ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಂಡಿರದಿದ್ದರೆ ಅಲ್ಲಿ ನೆಟ್ಟಗೆ ಬಿರುಕು ಬಿಟ್ಟು ಪ್ರತಿ ಗೋಡೆಯೂ ಒಂಟಿಯಾಗಿ ನಿಲ್ಲುತ್ತದೆ. ಒಂಟಿ ಗೋಡೆಯನ್ನು ಅಗಲದ ದಿಕ್ಕಿನಲ್ಲಿ ಉರುಳಿಸಲು ಹೆಚ್ಚಿನ ಬಲ ಬೇಕಿಲ್ಲ. ಹಿಮಾಚಲ, ಉತ್ತರಾಖಂಡ, ಕಾಶ್ಮೀರದ ಹಳೆಯ ಮನೆಗಳಲ್ಲಿ ಕಲ್ಲಿನ ವರಸೆಗಳ ನಡುವೆ ಮರದ ದಿಮ್ಮಿಗಳನ್ನು ಅಡ್ಡಲಾಗಿ ಸುತ್ತಲೂ ಕೂಡಿಸುವ ಪದ್ಧತಿ ಇತ್ತು. ಅದು ಗೋಡೆಗೆ ಉಡಿದಾರ ಇದ್ದಂತೆ. ಮರ ದುರ್ಲಭವಾದ, ಭೂಕಂಪದ ನೆನಪೂ ಇಲ್ಲದ ದಖ್ಖನ್ನಿನಲ್ಲಿ ಅಂಥ ಪದ್ಧತಿ ಬೆಳೆಯಲಿಲ್ಲ. ನೆನಪಿರಲು ಸಾಧ್ಯವೂ ಇರಲಿಲ್ಲ. ಆಗ ಜಾರಿಯಲ್ಲಿದ್ದ 1984ರ ರಾಷ್ಟ್ರೀಯ ಭೂಕಂಪ ನಕ್ಷೆಯೇ ಕಿಲ್ಲಾರಿ ಪ್ರದೇಶವನ್ನು ಅತ್ಯಂತ ಸುರಕ್ಷಿತವಾದ ಒಂದನೇ ವಲಯದಲ್ಲಿ ಇಟ್ಟಿತ್ತು. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಲಾಯಿತು.

ಕೆಡವದೆ ಕಟ್ಟುವ ಬಗೆ

ಹಾಗಾದರೆ ಇರುವ ಮನೆಯನ್ನು ಕೆಡವದೆ ಗಟ್ಟಿ ಮಾಡಲು ಸಾಧ್ಯವೇ? ಸಾಧ್ಯ ಎಂಬುದನ್ನು ಇಂಜಿನಿಯರುಗಳು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ರೂರ್ಕಿ ವಿಶ್ವವಿದ್ಯಾಲಯದ ಪ್ರೊ. ಆನಂದ ಸ್ವರೂಪ ಆರ್ಯ ಅವರು ಇಂಜಿನಿಯರನ ನೆರಳೂ ಬೀಳದ ಇಂಥ ಮನೆಗಳ ಬಗ್ಗೆಯೇ ಜೀವಮಾನವಿಡೀ ಕೆಲಸ ಮಾಡಿದವರು. ಅವರ ನೇತೃತ್ವದಲ್ಲಿ ಸಿದ್ಧವಾದ ಅಂತಾರಾಷ್ಟ್ರೀಯ ಮಾರ್ಗಸೂಚಿ 1986ರಲ್ಲಿಯೇ ಪ್ರಕಟವಾಗಿತ್ತು. ಕಿಲ್ಲಾರಿ ಭೂಕಂಪವಾದ 1993ರಲ್ಲಿಯೇ ಭಾರತೀಯ ಮಾನಕ ಬ್ಯೂರೋ ಕಡಿಮೆ ಬಲದ ಕಲ್ಲುಗೋಡೆಗಳಿಗಾಗಿ ಐಎಸ್ 13828, ದುರಸ್ತಿ ಮತ್ತು ಬಲವರ್ಧನೆಗಾಗಿ ಐಎಸ್ 13935 ಎಂಬ ಸಂಹಿತೆಗಳನ್ನು ಹೊರತಂದಿತು. ಆಶ್ಚರ್ಯವೆಂದರೆ ಇವುಗಳಲ್ಲಿ ಹೇಳಿರುವ ಕೆಲಸಕ್ಕೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ.

ಮೊದಲ ಕೆಲಸ ಮಾಳಿಗೆಯ ಮೇಲಿನದು. ಒಳಗಿನ ತೊಲೆಗಳಿಗೆ ಆಸರೆ ಕೊಟ್ಟು ಮಣ್ಣನ್ನು ಇಳಿಸಬೇಕು. ಒಂದು ಗೇಣಿನಷ್ಟು ದಪ್ಪ ಉಳಿದರೆ ಸಾಕು. ತಂಪಿಗೂ ಅಷ್ಟು ಮಣ್ಣು ನಡೆಯುತ್ತದೆ. ಮಣ್ಣು ಕಡಿಮೆಯಾದರೆ ಸೋರುತ್ತದೆ ಎಂಬ ಹಳ್ಳಿಗರ ಆತಂಕ ಸರಿಯಾದದ್ದೇ. ಅದಕ್ಕಾಗಿ ಮಣ್ಣಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಹರಿಯುವಂತೆ ಇಳಿಜಾರು ಕೊಡಲಾಗುತ್ತದೆ. ಹತ್ತು-ಹನ್ನೆರಡು ಅಡಿಯ ಕೋಣೆಯ ಲೆಕ್ಕದಲ್ಲಿ ಇದೊಂದರಿಂದಲೇ 4 ಟನ್ ಭಾರ ಕಳಚುತ್ತದೆ. ಖರ್ಚು ಎಂದರೆ ಕೂಲಿ ಮತ್ತು ಹಾಳೆ.

ಎರಡನೆಯದು ಗೋಡೆಯ ಎರಡು ಮೈಗಳನ್ನು ಹೊಲಿಯುವುದು. ಇದು ಇಡೀ ಕೆಲಸದ ಜೀವಾಳ, ನಾಜೂಕಿನದೂ ಹೌದು. ಆಯ್ದ ಜಾಗದಲ್ಲಿ ಹೊರಗಿನ ಒಂದು ಕಲ್ಲನ್ನು ಸುತ್ತಿಗೆಯ ಹೊಡೆತವಿಲ್ಲದೆ, ಸಲಾಕೆಯಿಂದ ಮೆಲ್ಲನೆ ಅಲುಗಾಡಿಸಿ ತೆಗೆಯಬೇಕು. ನಡುವಿನ ಮಣ್ಣನ್ನು ಕೈಯಿಂದಲೇ ತೋಡುತ್ತ ಒಳಗಿನ ಸಾಲಿನವರೆಗೆ ಹೋಗಿ ಅಲ್ಲಿಯೂ ಒಂದು ಕಲ್ಲು ತೆಗೆಯಬೇಕು. ಎರಡೂ ತುದಿಯಲ್ಲಿ ಅಗಲವಾಗಿ, ನಡುವೆ ಕಿರಿದಾಗಿ ಡಮರುಗದ ಆಕಾರದ ರಂಧ್ರ ಸಿಗುತ್ತದೆ. ಎರಡೂ ತುದಿಗೆ ಕೊಕ್ಕೆ ಬಗ್ಗಿಸಿದ ಬೆರಳ ಗಾತ್ರಕ್ಕೂ ತೆಳುವಾದ 8 ಮಿಲಿಮೀಟರ್ ಕಬ್ಬಿಣದ ಸರಳನ್ನು ಅದರಲ್ಲಿ ಇಟ್ಟು, ಕಾಂಕ್ರೀಟ್ ತುಂಬಿ, ಹತ್ತು ದಿನ ನೀರುಣಿಸಿದರೆ ಅಲ್ಲೊಂದು ಹೊಸ ಉದ್ದಕಲ್ಲು ಹುಟ್ಟಿದಂತೆ. ಇಂಥವು ಗೋಡೆಯ ಉದ್ದಕ್ಕೂ ಸುಮಾರು ಮೂರು-ನಾಲ್ಕು ಅಡಿಗೊಂದರಂತೆ, ಮೇಲಿನ ಸಾಲು ಕೆಳಗಿನ ಸಾಲಿಗೆ ಎಡೆಬಿಟ್ಟು ಬರುವಂತೆ ಇರಬೇಕು. ಮಣ್ಣಿನ ಗೋಡೆಗೆ ಡ್ರಿಲ್ ಯಂತ್ರ ಹಚ್ಚಿದರೆ ಅದರ ಅದುರಿಗೇ ಕಲ್ಲುಗಳು ಸಡಿಲವಾಗುವ ಅಪಾಯವಿದೆ. ಅನುಭವಿ ಗೌಂಡಿಯ ಕೈಯೇ ಇಲ್ಲಿ ಉತ್ತಮ ಉಪಕರಣ.

ಇನ್ನುಳಿದದ್ದು ಮನೆಗೆ ಪಟ್ಟಿ ಕಟ್ಟುವುದು. ಬಾಗಿಲಿನ ಮೇಲ್ಭಾಗದ ಮಟ್ಟದಲ್ಲಿ ಹಾಗೂ ಮಾಳಿಗೆಯ ಕೆಳಗೆ ಗೋಡೆಯ ಹಳೆಯ ಗಿಲಾವನ್ನು ಒಂದು ಅಡಿ ಅಗಲಕ್ಕೆ ಕೆರೆದು, ಕಲ್ಲುಗಳ ಸಂದಿಯನ್ನು ಶುಚಿಗೊಳಿಸಿ, ಬೆಸುಗೆ ಹಾಕಿದ ತಂತಿಜಾಲರಿಯನ್ನು ಉದ್ದನೆಯ ಮೊಳೆಗಳಿಂದ ಬಡಿದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಮೆತ್ತಲಾಗುತ್ತದೆ. ಪಟ್ಟಿ ಮನೆಯ ಸುತ್ತ ಎಲ್ಲಿಯೂ ತುಂಡಾಗಬಾರದು. ಒಳಮೈ, ಹೊರಮೈ ಪಟ್ಟಿಗಳು ಸರಳುಗಳಿಂದ ಒಂದಕ್ಕೊಂದು ಬೆಸೆದಿರಬೇಕು. ಮೂಲೆಗಳಲ್ಲಿ ತಳಪಾಯದಿಂದ ಮಾಳಿಗೆಯವರೆಗೆ ನೆಟ್ಟಗೆ ಒಂದು ಸರಳು ನಿಲ್ಲಿಸಿ ಅದನ್ನೂ ಜಾಲರಿಯಿಂದ ಮುಚ್ಚುತ್ತಾರೆ. ನಾಲ್ಕು ಒಂಟಿ ಗೋಡೆಗಳು ಈಗ ಒಂದು ಪೆಟ್ಟಿಗೆಯಾದವು. ಕಂಬ-ತೊಲೆ ಕೂಡುವಲ್ಲಿ ಓರೆಯಾಗಿ ಮರದ ಆನಿಕೆ ಕೊಟ್ಟು ಮೊಳೆ, ಕಬ್ಬಿಣದ ಪಟ್ಟಿಯಿಂದ ಬಿಗಿಯುವುದು ಬಡಿಗನಿಗೆ ಒಂದು ದಿನದ ಕೆಲಸ. ಗೋಡೆ ಬಿದ್ದರೂ ಕಂಬಗಳ ಮೇಲೆ ಮಾಳಿಗೆ ನಿಲ್ಲುವಂತಾದರೆ ಅದರ ಕೆಳಗಿನವರು ಬದುಕುವ ಅವಕಾಶ ಹೆಚ್ಚು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಈ ದಿಕ್ಕಿನಲ್ಲಿ ಕೊಡುಗೆ ನೀಡಿದೆ. 2001ರ ಭುಜ್ ಭೂಕಂಪದಲ್ಲಿ ಕಲ್ಲು, ಇಟ್ಟಿಗೆಯ ಕಟ್ಟಡಗಳು ವರ್ತಿಸಿದ ರೀತಿಯನ್ನು ಅಧ್ಯಯನ ಮಾಡಿದ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು, ಸರಳುಗಳನ್ನು ಗೋಡೆಯ ಹೊಟ್ಟೆಯೊಳಗೆ ಹುದುಗಿಸುವ ಬದಲು ಎರಡೂ ಮೈಗೆ ಅಂಟಿದಂತೆ ನೆಟ್ಟಗೆ ನಿಲ್ಲಿಸಿ ಗೋಡೆಯ ಮೂಲಕ ಕೊಂಡಿಗಳಿಂದ ಬಿಗಿಯುವ ವಿಧಾನವನ್ನು ಪ್ರತಿಪಾದಿಸಿದರು. ಗೋಡೆ ಬಾಗುವಾಗ ಎಳೆತ ಬೀಳುವುದು ಹೊರಮೈಗಳಲ್ಲಿ. ಸರಳೂ ಅಲ್ಲಿಯೇ ಇದ್ದರೆ ಹೆಚ್ಚು ಉಪಯೋಗ ಎಂಬುದು ಅದರ ತರ್ಕ.

ಇಷ್ಟೆಲ್ಲ ಮಾಡಿದರೂ ಮನೆಗೆ ಬಿರುಕು ಬೀಳುವುದೇ ಇಲ್ಲ ಎಂದು ಯಾವ ಇಂಜಿನಿಯರನೂ ಭರವಸೆ ಕೊಡಲಾರ. ಗುರಿ ಇರುವುದು ಗೋಡೆ ಒಮ್ಮೆಲೇ ಕುಸಿಯದಂತೆ ತಡೆಯುವುದು, ಒಳಗಿದ್ದವರಿಗೆ ಹೊರಬರಲು ಸಮಯ ಕೊಡುವುದು. ನಗರದ ಬಹುಮಹಡಿ ಕಟ್ಟಡದ ವಿನ್ಯಾಸದ ಹಿಂದೆಯೂ ಇರುವುದು ಹೆಚ್ಚುಕಡಿಮೆ ಇದೇ ಲೆಕ್ಕಾಚಾರ.

ಕಲ್ಲಿನ ಮೇಲಿನ ಮುನಿಸು

ತಂತ್ರ ಇತ್ತು, ಹಣವೂ ಇತ್ತು. ವಿಶ್ವಬ್ಯಾಂಕಿನ ನೆರವಿನಿಂದ ಮಹಾರಾಷ್ಟ್ರ ಸರಕಾರ ಕೈಗೊಂಡ ಪುನರ್ವಸತಿ ಕಾರ್ಯಕ್ರಮದಲ್ಲಿ ನೆಲಸಮವಾದ 52 ಹಳ್ಳಿಗಳನ್ನು ಬೇರೆಡೆ ಹೊಸದಾಗಿ ಕಟ್ಟಲಾಯಿತು. ಅಷ್ಟಾಗಿ ಕೆಡದ ಎರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳ ಸುಮಾರು ಎರಡು ಲಕ್ಷ ಮನೆಗಳಿಗೆ, ಹಾನಿಯ ಪ್ರಮಾಣ ನೋಡಿ 17 ಸಾವಿರ ಅಥವಾ 34 ಸಾವಿರ ರೂಪಾಯಿ ಕೊಟ್ಟು, ಮನೆಯವರೇ ದುರಸ್ತಿ ಮತ್ತು ಬಲವರ್ಧನೆ ಮಾಡಿಕೊಳ್ಳುವ ವ್ಯವಸ್ಥೆ ಆಯಿತು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಮೂಲಕ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮಹಿಳಾ ಮಂಡಳಗಳ ಸದಸ್ಯೆಯರು 'ಸಂವಾದ ಸಹಾಯಕ'ರಾಗಿ, ಸರಕಾರ ಮತ್ತು ಮನೆಯವರ ನಡುವೆ ಕೊಂಡಿಯಾದರು. ಸಿಮೆಂಟ್ ಎಷ್ಟು ಬಂತು, ಗೋಡೆಗೆ ನೀರು ಹಾಕಿದರೇ, ಸರಳು ಇಟ್ಟರೇ ಎಂದು ಕೇಳುವ ಹೆಂಗಸರು ಊರೂರಲ್ಲಿ ತಯಾರಾದದ್ದು ಆ ಕಾರ್ಯಕ್ರಮದ ಬಹುಮುಖ್ಯ ಫಲ.

ಆದರೆ ಹಳೆಯ ಕಲ್ಲಿನ ಮನೆ ಉಳಿಸಿಕೊಳ್ಳಲು ಮುಂದಾದವರು ವಿರಳ. ಬಹುತೇಕರು ಬಂದ ಹಣದಲ್ಲಿ ಹಿತ್ತಲಲ್ಲೋ ಅಂಗಳದಲ್ಲೋ ಇಟ್ಟಿಗೆ-ಸಿಮೆಂಟಿನ ಒಂದು ಕೋಣೆ ಕಟ್ಟಿಕೊಂಡರು. ಕಣ್ಣೆದುರೇ ಬಂಧುಬಳಗವನ್ನು ಕಲ್ಲಿನಡಿ ಕಳೆದುಕೊಂಡವರಿಗೆ ಅದೇ ಕಲ್ಲಿನಡಿ ಮಲಗಿ ಎನ್ನುವುದು ಯಾವ ಸಂಹಿತೆಯ ಬಲದಿಂದಲೂ ಸುಲಭವಿರಲಿಲ್ಲ. ಅಹಮದಾಬಾದಿನ ರಾಜೇಂದ್ರ ದೇಸಾಯಿ ಮತ್ತು ರೂಪಲ್ ದೇಸಾಯಿ ದಂಪತಿಯಂತಹವರು ಲಾತೂರಿನ ಹಳ್ಳಿಗಳಲ್ಲಿ ಹಳೆಯ ಮನೆಗಳನ್ನೇ ಬಲಪಡಿಸಿ ತೋರಿಸಿದರು. ಅಲ್ಲಿ ಕಲಿತದ್ದು ಮುಂದೆ ಗುಜರಾತಿನಲ್ಲಿ ಅವರಿಗೆ ಒದಗಿತು. ಹೊಸ ಊರುಗಳ ಕತೆ ಬೇರೆ. ನೇರ ಬೀದಿಗಳ, ಒಂದಕ್ಕೊಂದು ದೂರವಾದ ಮನೆಗಳ ಆ ಬಡಾವಣೆಗಳು ಊರಿನ ಒಡನಾಟಕ್ಕೆ ಹೊಂದಲಿಲ್ಲ, ಸ್ಥಳೀಯ ಕುಶಲಕರ್ಮಿಗಳ ಕಸುಬು ಮೂಲೆಗುಂಪಾಯಿತು ಎಂಬುದನ್ನು ಸಂರಕ್ಷಣಾ ವಾಸ್ತುತಜ್ಞ ರೋಹಿತ್ ಜಿಗ್ಯಾಸು ಅವರು ಮರಾಠವಾಡದ ಕುರಿತ ಅಧ್ಯಯನದಲ್ಲಿ ಎತ್ತಿ ತೋರಿಸಿದ್ದಾರೆ.

ಹೊಸದೆಲ್ಲವೂ ಸುರಕ್ಷಿತ ಎಂಬ ನಂಬಿಕೆಯೂ ಅಪಾಯಕಾರಿಯೇ. ಸರಳು, ಪಟ್ಟಿ ಇಲ್ಲದ ನಾಲ್ಕಿಂಚಿನ ಇಟ್ಟಿಗೆ ಗೋಡೆಯ ಮೇಲೆ ಕಾಂಕ್ರೀಟ್ ಹಲಗೆ ಹೊರಿಸಿದ ಕೋಣೆ, ಹಳೆಯ ಮಾಳಿಗೆಗಿಂತ ಹೆಚ್ಚು ಭದ್ರ ಎನ್ನಲು ಆಧಾರವಿಲ್ಲ. ಬಿದ್ದರೆ ಕಾಂಕ್ರೀಟನ್ನು ಎತ್ತಿ ಜನರನ್ನು ಹೊರತೆಗೆಯುವುದು ಮಣ್ಣು ತೋಡುವುದಕ್ಕಿಂತ ಕಷ್ಟ.

ಸಹಾಯಧನದ ಸ್ವರೂಪವೇ ಜನರ ಆಯ್ಕೆಯನ್ನು ನಿರ್ಧರಿಸುತ್ತದೆ ಎಂಬುದಕ್ಕೆ ನೇಪಾಳ ಇನ್ನೊಂದು ನಿದರ್ಶನ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಅಲ್ಲಿ ಸುಮಾರು ಒಂಬತ್ತು ಸಾವಿರ ಮಂದಿ ಸತ್ತರು. ಬಿದ್ದ ಮನೆಗಳಲ್ಲಿ ಹೆಚ್ಚಿನವು ಗುಡ್ಡಗಾಡಿನ ಕಲ್ಲುಮಣ್ಣಿನವೇ. ಮನೆ ಹೊಸದಾಗಿ ಕಟ್ಟಲು ಮೂರು ಲಕ್ಷ ನೇಪಾಳಿ ರೂಪಾಯಿ, ಇದ್ದುದನ್ನೇ ಬಲಪಡಿಸಲು ಒಂದು ಲಕ್ಷ ಎಂದು ಅಲ್ಲಿನ ಸರಕಾರ ಗೊತ್ತುಪಡಿಸಿತು. ಬಲಪಡಿಸುವ ದಾರಿ ಹಿಡಿದವರು ಕೆಲವೇ ಮಂದಿ. ಮೂರು ಲಕ್ಷದಲ್ಲಿ ಕಟ್ಟಿದ ಒಂದು-ಎರಡು ಕೋಣೆಗಳ ಮನೆಯಲ್ಲಿ ದವಸ, ದನಕರುಗಳಿಗೆ ಜಾಗ ಸಾಲದೆ, ಬಿರುಕುಬಿಟ್ಟ ಹಳೆಯ ಮನೆಯನ್ನೇ ಬಳಸುವ ಪರಿಸ್ಥಿತಿ ಹಲವೆಡೆ ಉಂಟಾಯಿತು. ಎಲ್ಲಿ ಜೀವಕ್ಕೆ ಅಪಾಯವೆಂದು ಹಣ ಕೊಡಲಾಯಿತೋ ಅಲ್ಲಿಗೇ ಜನ ಮರಳಿದರು.

ಗಡಿಯ ಈಚೆ

ಕರ್ನಾಟಕದಲ್ಲಿ ಈ ಚರ್ಚೆ ಮತ್ತೆ ಕಿವಿಗೆ ಬಿದ್ದದ್ದು 2021ರ ಅಕ್ಟೋಬರಿನಲ್ಲಿ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ಪದೇ ಪದೇ ಗುಡುಗಿ ಅದುರಿತು. ಅಕ್ಟೋಬರ್ 11ರ ರಾತ್ರಿಯ ಕಂಪನದ ಪ್ರಮಾಣ 4.1. ಕಲ್ಲಿನ ಮನೆಗಳಲ್ಲಿ ಬಿರುಕು ಕಾಣಿಸಿಕೊಂಡಿತು. ಜನ ರಾತ್ರಿಗಳನ್ನು ಬಯಲಲ್ಲಿ ಕಳೆದರು, ಹಲವರು ಊರು ಬಿಟ್ಟು ನೆಂಟರ ಮನೆ ಸೇರಿದರು. ಕಿಲ್ಲಾರಿಯಲ್ಲಿಯೂ 1993ಕ್ಕೆ ಒಂದು ವರ್ಷ ಮುನ್ನ, 1992ರ ಅಕ್ಟೋಬರಿನಲ್ಲಿ, ಇಂಥ ಸಣ್ಣ ಕಂಪನಗಳು ಸಾಲುಸಾಲಾಗಿ ಬಂದಿದ್ದವು. ಹಾಗೆಂದು ಸಣ್ಣ ಕಂಪನಗಳ ಹಿಂದೆ ದೊಡ್ಡದು ಬಂದೇ ಬರುತ್ತದೆ ಎಂದು ಹೇಳಲಾಗದು. ಬಹಳಷ್ಟು ಕಡೆ ಅವು ತಾವಾಗಿಯೇ ಶಾಂತವಾಗುತ್ತವೆ. ಯಾವುದು ಶಾಂತವಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಮುಂಚಿತವಾಗಿ ತಿಳಿಸಬಲ್ಲ ವಿಜ್ಞಾನ ಇನ್ನೂ ಬಂದಿಲ್ಲ.

2002ರ ನಕ್ಷೆಯಲ್ಲಿ ವಿಜಯಪುರ, ಬೆಳಗಾವಿಗಳು ಮೂರನೇ ವಲಯಕ್ಕೂ, ಕಲಬುರಗಿ ಎರಡನೇ ವಲಯಕ್ಕೂ ಸೇರಿದ್ದವು. ಎರಡು ಮತ್ತು ಮೂರನೆಯ ವಲಯ ಎಂದರೆ ದೊಡ್ಡ ಭೂಕಂಪ ಅಪರೂಪ ಎಂದಷ್ಟೇ ಅರ್ಥ. ಅಪರೂಪದ ಅಪಾಯಕ್ಕೆ ಬಡ ಕುಟುಂಬವೊಂದು ಕೈಯಿಂದ ಸಾವಿರಾರು ರೂಪಾಯಿ ಹಾಕಲಿ ಎಂದು ನಿರೀಕ್ಷಿಸುವುದು ಕಷ್ಟ. ಮಗಳ ಮದುವೆ, ಬೋರ್‌ವೆಲ್, ಆಸ್ಪತ್ರೆಯ ಖರ್ಚುಗಳೆಲ್ಲ ಅದಕ್ಕಿಂತ ಮುಂದೆ ನಿಲ್ಲುತ್ತವೆ. ಸರಕಾರದ ಗ್ರಾಮೀಣ ವಸತಿ ಯೋಜನೆಗಳ ಒತ್ತು ಇರುವುದು ಹೊಸ ಮನೆ ಕಟ್ಟುವುದಕ್ಕೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಯಲುಸೀಮೆಯಲ್ಲಿ ಒಂದು ಮನೆಗೆ 1.20 ಲಕ್ಷ ರೂಪಾಯಿಯಂತೆ ನೀಡುತ್ತ ಬಂದಿದೆ. ಅದು ಪಕ್ಕಾ ಮನೆಯ ನಿರ್ಮಾಣಕ್ಕೆ. ಗಟ್ಟಿಯಾಗಿ ನಿಂತಿರುವ ಐದಾರು ಕೋಣೆಗಳ ಮಾಳಿಗೆ ಮನೆಯವನು ಇಂಥ ಯೋಜನೆಯ ಪಟ್ಟಿಗೆ ಬರುವುದು ದೂರದ ಮಾತು, ಅವನ ಗೋಡೆಯೊಳಗೆ ಉದ್ದಕಲ್ಲು ಇರಲಿ, ಇಲ್ಲದಿರಲಿ.

ಹೀಗಿರುವಾಗ ಕೆಲಸವನ್ನು ಬಿಡಿಬಿಡಿಯಾಗಿ, ಕೈಗೆಟಕಿದಷ್ಟು ಮಾಡಿಕೊಳ್ಳುವ ಸಲಹೆ ಹೆಚ್ಚು ಕಾರ್ಯಸಾಧ್ಯವೆನಿಸುತ್ತದೆ. ಹೇಗೂ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಕೆಲಸ ನಡೆಯುತ್ತದೆ. ಮಣ್ಣು ಏರಿಸುವ ಬದಲು ಆ ಬಾರಿ ಇಳಿಸಬಹುದು. ಮನೆಯವರೆಲ್ಲ ಮಲಗುವ ಒಂದು ಕೋಣೆಯನ್ನು ಮೊದಲು ಹೊಲಿದು ಪಟ್ಟಿ ಕಟ್ಟಿಸಬಹುದು. ಗೋಡೆ ಒಂದು ಕಡೆ ಉಬ್ಬಿದ್ದರೆ, ಮೂಲೆಯಲ್ಲಿ ಮೇಲಿನಿಂದ ಕೆಳಗೆ ಬಿರುಕು ಇಳಿದಿದ್ದರೆ ಅಲ್ಲಿಂದಲೇ ಆರಂಭಿಸಬೇಕು. ಉಬ್ಬು ಹೆಚ್ಚಿದ್ದರೆ ಆ ಭಾಗವನ್ನು ಬಿಚ್ಚಿ, ಉದ್ದಕಲ್ಲು ಹಾಕಿ ಮತ್ತೆ ಕಟ್ಟುವುದೇ ದಾರಿ. ತಲೆದೆಸೆಯ ಗೂಡಿನಲ್ಲಿ, ಅಟ್ಟದಲ್ಲಿ ಪೇರಿಸಿದ ಭಾರವನ್ನು ನೆಲಕ್ಕಿಳಿಸಲು ದುಡ್ಡೇ ಬೇಡ.

ಹೊಸದಾಗಿ ಕಲ್ಲಿನಲ್ಲಿಯೇ ಕಟ್ಟುವವರಿಗೆ ಐಎಸ್ 13828ರ ಮಾತು ಸರಳವಾಗಿದೆ: ಗೋಡೆ ಒಂದೂವರೆ ಅಡಿಗಿಂತ ದಪ್ಪ ಬೇಡ, ಪ್ರತಿ ಎರಡಡಿ ಎತ್ತರಕ್ಕೆ, ನಾಲ್ಕಡಿ ಅಂತರದಲ್ಲಿ ಉದ್ದಕಲ್ಲು ಇರಲಿ, ಬಾಗಿಲು-ಕಿಟಕಿಗಳು ಮೂಲೆಗೆ ತಾಗದಿರಲಿ, ಸುತ್ತಲೂ ಪಟ್ಟಿ ಹಾಯಲಿ. ಉದ್ದಕಲ್ಲು ಸಿಗದಿದ್ದರೆ ಕಾಂಕ್ರೀಟಿನಲ್ಲಿ ಎರಕ ಹೊಯ್ದು ಮಾಡಿಕೊಳ್ಳಬಹುದು. ಗೌಂಡಿಗೆ ಇದನ್ನು ಕಲಿಯಲು ಹೆಚ್ಚು ದಿನ ಬೇಕಾಗದು. ಆದರೆ ಕಲ್ಲಿನ ಗೋಡೆ ಎಬ್ಬಿಸಬಲ್ಲ ಗೌಂಡಿಗಳೇ ಈಗ ಹಳ್ಳಿಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರ ಮಕ್ಕಳು ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ಸಿಮೆಂಟ್ ಬ್ಲಾಕ್ ಜೋಡಿಸುವ ಕೆಲಸಕ್ಕೆ ಹೋಗಿದ್ದಾರೆ.